ಗಾಲಿ ಮನೆಗೊಂದು ಗಟ್ಟಿ ಕಟ್ಟೆ

ಜೂನ್ 6, ಶುಕ್ರವಾರ. ಕಾಪೆಲ್, ಟೆಕ್ಸಸ್

ಪ್ರಗತಿಗೆ ತಲೆ ಕೆಟ್ಟಿದೆ. ಬೆಳಿಗ್ಗೆ ಚಹಾ ಸೋಸುತ್ತ, ಹಾಲು ತರಬೇಕು ಅನ್ನುವಷ್ಟೇ ಸಲೀಸಾಗಿ, "ಅತ್ತೆ, ನಾನು ಅಪಾರ್ಟ್‌ಮೆಂಟ್ ಹುಡುಕಲ್ಲ. ಟ್ರಾವೆಲ್ ಟ್ರೇಲರ್ ತಗೊಂಡು ಅದರಲ್ಲೇ ಇರ್ತೀನಿ" ಅಂದಳು. ಗಾಲಿಯ ಮೇಲೆ ಒಂದು ಮನೆಯಂತೆ. ಒಳಗೆ ಒಲೆ, ಮಂಚ, ಪಾಯಿಖಾನೆ ಎಲ್ಲ ಇರುತ್ತದಂತೆ. ಪಿಕಪ್ ಟ್ರಕ್ಕಿನ ಹಿಂದೆ ಸಿಕ್ಕಿಸಿಕೊಂಡು ಬೇಕಾದ ಊರಿಗೆ ಎಳೆದುಕೊಂಡು ಹೋಗಬಹುದಂತೆ. ಟ್ರಕ್ ಯಾಕೆ ಕೊಂಡಳು ಅಂತ ಈಗ ಗೊತ್ತಾಯಿತು. ನಾನು ಬಸವನಹುಳದ ಜನ್ಮ ಯಾಕೆ ಬೇಕು ನಿನಗೆ ಅಂದೆ. ನಕ್ಕಳು.

ಅವಳ ಕಡೆಯಿಂದ ನೋಡಿದರೆ ಪೂರಾ ಹುಚ್ಚೂ ಅಲ್ಲ. ಅವಳು ಐಸಿಯು ನರ್ಸ್. ಕೆಲವು ತಿಂಗಳು ಹ್ಯೂಸ್ಟನ್, ಕೆಲವು ತಿಂಗಳು ಆಸ್ಟಿನ್, ಮತ್ತೆ ಡಾಲಸ್, ಹೀಗೆ ಆಸ್ಪತ್ರೆ ಕರೆದಲ್ಲಿಗೆ ಹೋಗುವ ಕಾಂಟ್ರ್ಯಾಕ್ಟ್ ಹಿಡಿದಿದ್ದಾಳೆ. ಈ ಮನೆಯಂತೂ ಮಾರಿಹೋಗಿದೆ, ಆಗಸ್ಟಿನಲ್ಲಿ ಬೀಗದ ಕೈ ಕೊಡಬೇಕು. ನನ್ನ ಮಗ ಕಲ್ಮೇಶ ಮತ್ತು ಇವಳ ಡಿವೋರ್ಸ್ ಆಗಿ ವರ್ಷವಾಯಿತು. ಇಬ್ಬರೂ ಒಳ್ಳೆಯವರು, ಒಂದು ಕೊಡೆಯಡಿ ನಡೆಯಲು ಬರಲಿಲ್ಲ, ಅಷ್ಟೇ. ಅವನು ಡಾಲಸ್‌ನಲ್ಲಿ ಆಫೀಸಿನ ಪಕ್ಕ ಅಪಾರ್ಟ್‌ಮೆಂಟಿಗೆ ಹೋದ. ನಾನು, ನನ್ನ ಕೋಣೆ ಇಲ್ಲಿದೆ, ನನ್ನ ಮೆಂತೆ ಮಡಿ ಹಿತ್ತಲಲ್ಲಿದೆ ಎಂದು ಇಲ್ಲೇ ಉಳಿದೆ. ಈಗ ಅವನಿಗೆ ಸಿಯಾಟಲ್‌ಗೆ ವರ್ಗವಾಗಿದೆ. ನಾನು ಅವನ ಜೊತೆ ಹೋಗುತ್ತೇನೆ. ಅದು ತೀರ್ಮಾನವಾದ ವಿಷಯ.

ಆದರೆ ಅಷ್ಟರೊಳಗೆ ಈ ಹುಡುಗಿಗೆ ಯಾರೂ ಟೋಪಿ ಹಾಕದಂತೆ ನೋಡಿಕೊಳ್ಳಬೇಕು. ಮೈಸೂರಿನವಳು. ತರಕಾರಿಯವನು ಹೇಳಿದ್ದಕ್ಕೆ ಹೂಂ ಅಂದು, ಮೇಲೆ ಥ್ಯಾಂಕ್ಸ್ ಬೇರೆ ಹೇಳುವ ಜಾತಿ. ನಾನು ಬೈಲಹೊಂಗಲದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಜೀವಮಾನವಿಡೀ ಡ್ರಿಲ್ ಟೀಚರ್ ಆಗಿದ್ದವಳು. ಎದುರಿನವರು ಸುಳ್ಳು ಹೇಳುತ್ತಿದ್ದರೆ ನಿಂತ ರೀತಿಯಲ್ಲೇ ತಿಳಿಯುತ್ತದೆ. "ನಾನೂ ಬರ್ತೇನಿ ನೋಡಾಕ" ಅಂದೆ. "ನಿಜವಾಗ್ಲೂ ಬರ್ತೀರಾ?" ಅಂದಳು, ಮುಖ ಅರಳಿತು. ಒಬ್ಬಳೇ ಹೋಗಲು ಹೆದರಿಕೊಂಡಿತ್ತು ಪಾಪ.

ಜೂನ್ 7, ಶನಿವಾರ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಟ್ರೇಲರ್ ಕೊಂಡು ನೋಡು ಅಂತಲೂ ಸೇರಿಸಬೇಕು.

ಡಾಲಸ್ ದಾಟಿ ಹೈವೇ ಬದಿಯ ಬಯಲು. ಬಿಳಿ ಟ್ರೇಲರ್‌ಗಳು ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಸಾಲು ನೆಟ್ಟಗಿತ್ತು, ಅಷ್ಟು ಮೆಚ್ಚಿದೆ. ದೊಡ್ಡ ಟೋಪಿಯ ಸೇಲ್ಸ್‌ಮನ್ ಒಬ್ಬ ಒಳಗೆ ಕರೆದುಕೊಂಡು ಹೋಗಿ ನೀಲಿ ಬೆಳಕು ಹಾಕಿ ತೋರಿಸಿದ, ಹಾಡು ಹಾಕಿ ಕೇಳಿಸಿದ. ಒಂದರಲ್ಲಿ ಗೋಡೆಗೆ ಅಗ್ಗಿಷ್ಟಿಕೆ ಇತ್ತು. ಟೆಕ್ಸಸ್‌ನ ಬಿಸಿಲಿಗೆ ಅಗ್ಗಿಷ್ಟಿಕೆ! ಅದರ ಮೇಲಿದ್ದ ಟಿವಿ ಬಾತ್‌ರೂಮಿಗಿಂತ ದೊಡ್ಡದು.

ನಾನು ಸೀದಾ ಅಡುಗೆ ಕಟ್ಟೆಗೆ ಹೋಗಿ ರೊಟ್ಟಿ ಬಡಿದೆ. ಹಿಟ್ಟಿಲ್ಲ, ಬರಿಗೈ. ಎರಡು ಏಟಿಗೆ ಕಟ್ಟೆ ಕುಣಿಯಿತು, ಮೇಲಿನ ಕಪಾಟಿನ ಬಾಗಿಲು ತಾನಾಗಿ ತೆರೆದುಕೊಂಡಿತು, ಪ್ಲಾಸ್ಟಿಕ್ ಹೂವಿನ ಕುಂಡ ಕೆಳಗೆ ಬಿತ್ತು. ಸೇಲ್ಸ್‌ಮನ್ ಓಡಿಬಂದು ಎಲ್ಲಾ ಸರಿ ಇದೆಯಾ ಅಂತ ಕೇಳಿದ. ಪ್ರಗತಿ ಅವನಿಗೆ ನಮ್ಮ ಬ್ರೆಡ್ಡಿನ ಪರೀಕ್ಷೆ ಅಂತ ವಿವರಿಸಿದಳು. ಅವನು, ಬ್ರೆಡ್ ಸುಡಲು ಓವನ್ ಇದೆಯಲ್ಲ ಅಂದ. ಜೋಳದ ರೊಟ್ಟಿಯನ್ನು ಓವನ್‌ನಲ್ಲಿ ಮಾಡುವುದಿಲ್ಲವಪ್ಪ, ಕೈಯಲ್ಲಿ ಬಡಿಯಬೇಕು ಅಂತ ನನ್ನ ಇಂಗ್ಲಿಷಿನಲ್ಲೇ ಹೇಳಿದೆ. ಆಮೇಲೆ ಹೊಕ್ಕ ಪ್ರತಿಯೊಂದು ಟ್ರೇಲರಿನಲ್ಲೂ ಬಡಿದೆ. ಒಂದು ಕಟ್ಟೆ ಹಲಗೆ ಬಾರಿಸಿದ ಸದ್ದು ಮಾಡಿತು.

ಪ್ರಗತಿಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಅವಳದು ಅನ್ನ, ಸಾರು, ಹೆಚ್ಚೆಂದರೆ ಚಪಾತಿ. ಆದರೂ "ಇನ್ನೊಂದ್ಸಲ ಬಡೀರಿ ಅತ್ತೆ" ಅನ್ನುತ್ತ, ಯಾವುದು ಗಟ್ಟಿ, ಯಾವುದು ಟೊಳ್ಳು ಅಂತ ಫೋನಿನಲ್ಲಿ ಬರೆದುಕೊಂಡಳು. ಹೇಳಿದ ಮಾತು ಕೇಳುವ ಹುಡುಗಿ.

ಒಂದರಲ್ಲಿ ಮುಂದೆ ದೊಡ್ಡ ಮಂಚ, ಹಿಂದಿನ ಮೂಲೆಯಲ್ಲಿ ಇನ್ನೊಂದು ಸಣ್ಣ ಮಂಚ, ಅದಕ್ಕೊಂದು ಕಿಟಕಿ. ಪ್ರಗತಿ ಅಲ್ಲೇ ಬಹಳ ಹೊತ್ತು ನಿಂತಳು. "ಇದು ಹೇಗನ್ಸುತ್ತೆ ಅತ್ತೆ?" ಅಂದಳು. ಕೂತು ನೋಡಿದೆ. ಎತ್ತರ ಜಾಸ್ತಿ, ಮಂಡಿ ನೋವಿನವರು ಏರುವ ಹಾಗಿಲ್ಲ. ಬೇಡ ಅಂದೆ. ಅವಳ ಮಂಡಿ ಈಗ ಚೆನ್ನಾಗಿದೆ, ಆದರೆ ಮುಂದೆ ವಯಸ್ಸಾಗುತ್ತದಲ್ಲ.

ಜೂನ್ 10, ಮಂಗಳವಾರ

ಸೌತ್‌ಲೇಕ್‌ನ ಅಣ್ಣಾಸಾಹೇಬರು ಬಂದಿದ್ದರು. ಬೆಳಗಾವಿಯವರು, ಎರಡು ಮೋಟೆಲ್ ಇಟ್ಟಿದ್ದಾರೆ, ಟ್ರಕ್ಕಿನ ಹಿಂದೆ ದೋಣಿ ಕಟ್ಟಿಕೊಂಡು ಕೆರೆಗೆ ಹೋಗುತ್ತಾರೆ. ಹಾಗಾಗಿ ತಾವೇ ಟ್ರೇಲರ್ ಕಂಡುಹಿಡಿದವರ ಹಾಗೆ ಕುರ್ಚಿಯಲ್ಲಿ ಒರಗಿ ಕೂತರು.

"ಬಾಗಲಾ ಯಾವ ದಿಕ್ಕಿಗ್ರಿ?" ಅಂತ ಮೊದಲ ಪ್ರಶ್ನೆ.

"ಗಾಡಿ ತಿರುಗಿದ ದಿಕ್ಕಿಗ್ರಿ" ಅಂದೆ.

ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರ ಪಾರ್ಕ್ ಮಾಡುಮುಂದ ಪೂರ್ವಕ್ಕ ಮಾರಿ ಮಾಡ್ರಿ" ಅಂದರು. ಪ್ರಗತಿ ಅಡುಗೆಮನೆಗೆ ಓಡಿದಳು, ನಗಲು. ಆದರೆ ಹೊರಡುವಾಗ ಒಂದು ಒಳ್ಳೆಯ ಮಾತು ಹೇಳಿದರು. ಕಾಗದದ ಮೇಲೆ ಬರೆದಿರುವುದು ಖಾಲಿ ಟ್ರೇಲರಿನ ತೂಕವಂತೆ. ನೀರು ತುಂಬಿ, ಗ್ಯಾಸ್ ಹಾಕಿ, ಬಟ್ಟೆ, ಪಾತ್ರೆ, ಹಿಟ್ಟು ಎಲ್ಲಾ ಏರಿಸಿದ ಮೇಲೆ ಎಷ್ಟು ಹೊರುತ್ತದೆ ಅಂತ ಕೇಳಬೇಕಂತೆ. ಪ್ರಗತಿಗೆ ಬಟ್ಟೆ ಎರಡು ಚೀಲ, ಪುಸ್ತಕ ಒಂದು ಡಬ್ಬ. ನನ್ನ ಬೀಸುಕಲ್ಲು ಮತ್ತು ಕಬ್ಬಿಣದ ಹಂಚೇ ಅದಕ್ಕಿಂತ ಭಾರ. ಇವು ಸಿಯಾಟಲ್‌ಗೆ ಹೋಗುವಂಥವು, ಯಾಕೆ ಬರೆದೆನೋ.

ಜೂನ್ 14, ಶನಿವಾರ

ಇವತ್ತು ಒಬ್ಬನಿಗೆ ಜೋರು ಮಾಡಿದೆ. ಮನಸ್ಸು ಹಗುರಾಗಿದೆ.

ಇನ್ನೊಂದು ಅಂಗಡಿ. ಚೆಂದದ ಟ್ರೇಲರ್, ತಿಳಿ ಮರದ ಬಣ್ಣ, ಅಗಲವಾದ ಸಿಂಕ್. ಪ್ರಗತಿ, "ಇದರಲ್ಲಿ ವರ್ಷವಿಡೀ ವಾಸ ಮಾಡಿದ್ರೆ ವಾರಂಟಿ ಇರುತ್ತಾ?" ಅಂತ ಕೇಳಿದಳು. ಬಹಳಷ್ಟು ಟ್ರೇಲರ್‌ಗಳು ರಜೆಗೆ ಎರಡು ದಿನ ಹೋಗಿಬರಲು ಮಾಡಿದವಂತೆ. ಅದರಲ್ಲೇ ಸಂಸಾರ ಹೂಡಿದರೆ ಕೆಲವು ಕಂಪನಿ ವಾರಂಟಿ ಕೊಡುವುದಿಲ್ಲವಂತೆ. ಸೇಲ್ಸ್‌ಮನ್ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕಿದ. ನನಗೆ ಅಲ್ಲೇ ತಿಳಿಯಿತು. "ನೀವು ಅದರಲ್ಲೇ ಇರ್ತೀರಿ ಅಂತ ಕಂಪನಿಗೆ ಯಾರು ಹೇಳ್ತಾರೆ?" ಅಂತ ಕಣ್ಣು ಹೊಡೆದ.

ಕಣ್ಣು ಹೊಡೆದನಲ್ಲ, ಅದಕ್ಕೆ ಸಿಟ್ಟು ಬಂತು. "ಸ್ಟ್ಯಾಂಡ್ ಸ್ಟ್ರೇಟ್!" ಅಂದೆ. ಪುಣ್ಯಾತ್ಮ ನಿಜವಾಗಿಯೂ ನೆಟ್ಟಗೆ ನಿಂತ. ಮಳೆ ಬಂದು ಸೂರು ಸೋರಿದರೆ ಇವಳು ನಿನ್ನ ಮನೆಗೆ ಬಂದು ಮಲಗಬೇಕಾ, ಬಾಯಲ್ಲಿ ಹೇಳಬೇಡ, ಬರೆದು ಕೊಡು ಅಂದೆ. ಬರೆದು ಕೊಡಲಿಲ್ಲ. ನಾವು ಹೊರಟುಬಂದೆವು.

ಟ್ರಕ್ಕಿನಲ್ಲಿ ಪ್ರಗತಿ, "ನೀವು ನನ್ನನ್ನ ಮಾತ್ರ ಯಾವತ್ತೂ ಹೀಗೆ ಬೈದಿಲ್ಲ ಅತ್ತೆ" ಅಂದಳು. ನೀ ನೆಟ್ಟಗೇ ನಿಲ್ಲುತ್ತೀಯಲ್ಲ ಅಂದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮಿಬ್ಬರ ಕಾಲ ಯಾವುದೋ, ಒಟ್ಟಿಗೆ ಬಂದ ಹಾಗಿದೆ. ದಾರಿಯಲ್ಲಿ ನಿಂತು ಐಸ್‌ಕ್ರೀಮ್ ತಿಂದೆವು.

ಜೂನ್ 19, ಗುರುವಾರ

ಕಲ್ಮೇಶ ಫೋನ್ ಮಾಡಿದ್ದ. ಟಿಕೆಟ್ ಆಗಿದೆ. ಆಗಸ್ಟ್ ಎರಡನೇ ವಾರ, ಅವನ ಪಕ್ಕದ ಸೀಟು, ಕಿಟಕಿ ನನಗೆ. ಒಳ್ಳೆಯದಾಯಿತು.

ಟ್ರೇಲರಿನ ಪಾಯಿಖಾನೆಯ ಬಗ್ಗೆ ಬರೆಯಬೇಕು. ಒಂದಕ್ಕೆ ಬಾಗಿಲು ಒಳಗೆ ತೆರೆಯುತ್ತದೆ, ಒಳಗೆ ಹೋದವರು ಬಾಗಿಲು ಹಾಕಲು ಸಿಂಕಿನ ಮೇಲೆ ಕೂರಬೇಕು. ಇನ್ನೊಂದರಲ್ಲಿ ಸ್ನಾನಕ್ಕೆ ನಿಂತರೆ ಮೊಣಕೈ ಎತ್ತಲಾಗುವುದಿಲ್ಲ. ತಲೆಗೆ ಎಣ್ಣೆ ಹಚ್ಚಿಕೊಂಡು ಎರೆದುಕೊಳ್ಳುವವರು ಏನು ಮಾಡಬೇಕು? ಹಿಡಿದು ಏಳಲು ಒಂದು ಸಲಾಕೆಯೂ ಇಲ್ಲ. ಕೊಳಚೆ ನೀರಿನ ಟ್ಯಾಂಕ್ ಎಷ್ಟು ದೊಡ್ಡದಿದ್ದರೆ ಎಷ್ಟು ದಿನ ನಡೆಯುತ್ತದೆ ಅಂತ ಪ್ರಗತಿ ಹೇಳಿದಳು. ಒಬ್ಬರಿಗೆ ಬೇರೆ, ಇಬ್ಬರಿಗೆ ಬೇರೆ. ಇಬ್ಬರದೇ ಹಿಡಿದು ನೋಡು, ಕೈ ಹಿಡಿತ ಇರಬಾರದು ಅಂದೆ.

ಜೂನ್ 28, ಶನಿವಾರ. ಲಿಯಾಂಡರ್

ಕೊಳ್ಳುವ ಮೊದಲು ಎರಡು ದಿನ ಬಾಡಿಗೆಗೆ ಇದ್ದು ನೋಡೋಣ ಎಂಬ ಬುದ್ಧಿ ಪ್ರಗತಿಯದು. ಆಸ್ಟಿನ್ನಿನ ಉತ್ತರಕ್ಕೆ, ಲಿಯಾಂಡರ್ ಹತ್ತಿರ ಒಂದು ಟ್ರೇಲರ್ ಪಾರ್ಕಿನಲ್ಲಿದ್ದೇವೆ. ಸುತ್ತ ಸೀಡರ್ ಮರ, ಜೀರುಂಡೆಗಳ ಕಿವಿ ಕೊರೆಯುವ ಸದ್ದು, ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ ನೂರು ಡಿಗ್ರಿ ಬಿಸಿಲು. ನಿನ್ನೆ ಬಂದ ಕೂಡಲೇ ನೆಲ ಡೊಂಕಿದೆ ಅಂದೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂತ ಪ್ರಗತಿ ಕೀಟಲೆ ಮಾಡಿದಳು. ಒಂದು ನಿಂಬೆಹಣ್ಣು ನೆಲದ ಮೇಲಿಟ್ಟೆ. ಉರುಳಿಕೊಂಡು ಸೀದಾ ಬಾಗಿಲಿಗೆ ಹೋಯಿತು. ಗಾಲಿಯ ಕೆಳಗೆ ಹಲಗೆ ಇಟ್ಟು ಸಮ ಮಾಡಬೇಕಿತ್ತಂತೆ, ಮರೆತಿದ್ದಳು. ಇಬ್ಬರೂ ಸೇರಿ ಇಟ್ಟೆವು. ಅವಳು ಗಾಡಿ ಹಿಂದೆ ಮುಂದೆ ಮಾಡಿದಳು, ನಾನು ಕೈಸನ್ನೆ ಮಾಡಿದೆ. ಕವಾಯತಿನ ಸನ್ನೆಗಳು ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬಂದವು.

ಇವತ್ತು ಬೆಳಿಗ್ಗೆ ಒಂದು ಫಜೀತಿ ಆಯಿತು. ಬೇಗ ಎದ್ದೆ, ಸ್ನಾನ ಮಾಡಿ ಲಿಂಗಪೂಜೆ ಮುಗಿಸಿದೆ. ಹಿಂದಿನ ಕಿಟಕಿಯಿಂದ ಎಳೆಬಿಸಿಲು ಬರುತ್ತಿತ್ತು, ಮನಸ್ಸು ಬಹಳ ಪ್ರಶಾಂತವಾಗಿತ್ತು. ಹಾಲು ಕಾಯಿಸಲು ಇಟ್ಟೆ. ಇಟ್ಟವಳು ಪಾತ್ರೆಗೆ ಅರಿಶಿನ ಕುಂಕುಮ ಹಚ್ಚಿಬಿಟ್ಟಿದ್ದೆ. ಉಕ್ಕಿ ಬರುವಾಗ ಒಲೆ ಆರಿಸಬೇಕಲ್ಲ, ಆರಿಸಲಿಲ್ಲ. ಪೂರ್ವದ ಕಡೆಗೆ ಉಕ್ಕಲಿ ಅಂತ ಪಾತ್ರೆ ಸ್ವಲ್ಪ ವಾಲಿಸಿ ಕೈಮುಗಿದು ನಿಂತೆ. ಹಾಲು ಉಕ್ಕಿ ಒಲೆಯ ಮೇಲೆಲ್ಲಾ ಹರಿದು ಸೀದು ಹೊಗೆ ಎದ್ದಿತು. ತಲೆಯ ಮೇಲಿನ ಹೊಗೆಗಂಟೆ ಕೂಗಿಕೊಳ್ಳಲು ಶುರುಮಾಡಿತು. ಪ್ರಗತಿ ನಿದ್ದೆಗಣ್ಣಲ್ಲಿ ಓಡಿಬಂದಳು. ಪಕ್ಕದ ಟ್ರೇಲರಿನ ಮುದುಕ ಮುದುಕಿ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಬಂದರು, ಅವರ ನಾಯಿಯೂ ಬಂತು.

ಎಲ್ಲಾ ತಣ್ಣಗಾದ ಮೇಲೆ ಪ್ರಗತಿ ಪಾತ್ರೆ ನೋಡಿದಳು. ಕುಂಕುಮ ನೋಡಿದಳು.

"ಅತ್ತೆ, ಹಾಲುಕ್ಕಿಸಿದ್ರಾ?"

"ಒಲಿ ಹೆಂಗ ಉರೀತೈತಿ ಅಂತ ನೋಡಾಕ ಇಟ್ಟಿದ್ದೆ" ಅಂದೆ.

"ಇದು ಬಾಡಿಗೆದು. ನಾಳೆ ವಾಪಸ್ ಕೊಡ್ಬೇಕು."

"ಗೊತ್ತೈತೇಳು."

ನಗುತ್ತಾಳೆ ಅಂದುಕೊಂಡೆ, ನಗಲಿಲ್ಲ. ಪಾತ್ರೆಯ ತಳದಲ್ಲಿ ಉಳಿದ ಹಾಲಿಗೆ ಸಕ್ಕರೆ ಹಾಕಿ, ಎರಡು ಲೋಟಕ್ಕೆ ಸರಿಪಾಲು ಮಾಡಿ, ಮೊದಲನೆಯದನ್ನು ನನ್ನ ಕೈಗೆ ಕೊಟ್ಟಳು. ಮೆಟ್ಟಿಲ ಮೇಲೆ ಕೂತು ಕುಡಿದೆವು. ಅವಳು ಏನೋ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ನಾನು, ಈ ಒಲೆ ಸರಿಯಿಲ್ಲ, ಉರಿ ಒಂದೇ ಕಡೆ ಬರುತ್ತದೆ, ಇಂಥದ್ದನ್ನು ಮಾತ್ರ ಕೊಳ್ಳಬೇಡ ಅಂದೆ. ಲೋಟ ಎತ್ತಿಕೊಂಡು ಒಳಗೆ ಹೋದಳು. ನಾನು ಒಲೆ ಉಜ್ಜಿದೆ.

ಅಭ್ಯಾಸಬಲ. ಬೇರೇನೂ ಇಲ್ಲ.

ಜೂನ್ 29, ರವಿವಾರ

ಒಂದು ಎಸಿ ಸಾಲದು. ನಮಗೆ ಎರಡು ಬೇಕು.

ಜುಲೈ 4, ಶುಕ್ರವಾರ

ಅಣ್ಣಾಸಾಹೇಬರ ಸೌತ್‌ಲೇಕ್ ಮನೆಯಲ್ಲಿ ಮಧ್ಯಾಹ್ನದ ಊಟ. ಅವರ ಹೆಂಡತಿ ಗುರವ್ವನ ಕೈ ಧಾರಾಳ, ಬಾಯಿ ಇನ್ನೂ ಧಾರಾಳ. ಎಣ್ಣೆಗಾಯಿ ಬಡಿಸುತ್ತ, ಎಲ್ಲರ ಎದುರಿಗೆ, "ಅಲ್ರಿ ಟೀಚರ್, ಆಕೀ ಈಗ ನಿಮಗ ಏನಾಗಬೇಕ್ರಿ? ಮಗಾ ಬಿಟ್ಟ ಮ್ಯಾಲ ಸೊಸಿ ಹೆಂಗ? ಆಕೀ ಬೆನ್ನ ಹಿಂದ ಯಾಕ ತಿರಗತೀರಿ?" ಅಂದಳು. ಎಲ್ಲರೂ ತಮ್ಮ ತಮ್ಮ ತಟ್ಟೆ ನೋಡಿಕೊಂಡರು. ಪ್ರಗತಿ ಆಚೆ ಪಂಕ್ತಿಗೆ ಮಜ್ಜಿಗೆ ಹಾಕುತ್ತಿದ್ದಳು.

ಇಂಥ ಬಾಯಿಯನ್ನು ಬೇಗ ಮುಚ್ಚಿಸಬೇಕು. "ಇನ್ನೊಂದ್ ತಿಂಗಳ್ರಿ, ಆಮ್ಯಾಲ ನಾ ಮಗನ ಕೂಡ ಸಿಯಾಟಲ್‌ಗೆ ಹೊಂಟೀನಿ. ಮಗನ ಮನಿ ಬಿಟ್ಟು ನಾ ಮತ್ತೆಲ್ಲಿರ್ಲಿ?" ಅಂದೆ. ಹೇಳುವುದು ಹಾಗೆಯೇ ಅಲ್ಲವೇ. ಗುರವ್ವನ ಬಾಯಿ ಮುಚ್ಚಿತು.

ಬರುವಾಗ ಪ್ರಗತಿ ದಾರಿಯುದ್ದಕ್ಕೂ ರೇಡಿಯೋ ಹಾಕಿದ್ದಳು. ಮನೆ ಹತ್ತಿರ ಬಂದಾಗ, "ಅತ್ತೆ, ಇನ್ಮೇಲೆ ಟ್ರೇಲರ್ ನೋಡೋಕೆ ನಾನೊಬ್ಳೇ ಹೋಗ್ತೀನಿ. ಈ ಬಿಸಿಲಲ್ಲಿ ನಿಮಗ್ಯಾಕೆ ತೊಂದರೆ" ಅಂದಳು.

ಬಿಸಿಲಂತೆ! ಏಪ್ರಿಲ್ ಬಿಸಿಲಲ್ಲಿ ಲೇಜಿಮ್ ಆಡಿಸಿದವಳಿಗೆ! ಗುರವ್ವನ ಎಣ್ಣೆಗಾಯಿಗೆ ಉಪ್ಪು ಜಾಸ್ತಿಯಾಗಿತ್ತು.

ಜುಲೈ 12, ಶನಿವಾರ

ಪ್ರಗತಿ ಹ್ಯೂಸ್ಟನ್‌ಗೆ ಹೋಗಿದ್ದಾಳೆ, ಒಬ್ಬಳೇ. ನಾನು ಮನೆಯಲ್ಲಿದ್ದೇನೆ. ಮೆಂತೆ ಕಿತ್ತೆ. ಪಲ್ಯ ಮಾಡಿದೆ. ಒಬ್ಬಳಿಗೆ ಅಂತ ಹಿಡಿಯಷ್ಟು ಪಲ್ಯ ಮಾಡುವುದು ದೊಡ್ಡ ತಲೆನೋವು.

ಸಂಜೆ ಬಂದಳು. ಟ್ರೇಲರ್ ಸಿಕ್ಕಿತಂತೆ, ಫೋಟೋ ತೋರಿಸಿದಳು. ಸಣ್ಣದು, ಒಂದೇ ಮಂಚ, ಒಬ್ಬರು ಕೂತು ಉಣ್ಣುವಷ್ಟು ಮೇಜು. ಕಂಪನಿಯೇ ವರ್ಷವಿಡೀ ವಾಸಕ್ಕೆ ವಾರಂಟಿ ಬರೆದುಕೊಡುತ್ತದಂತೆ. ತೂಕ ಸರಿ, ಟ್ಯಾಂಕ್ ಸರಿ, ಎಲ್ಲಾ ಸರಿ.

"ಇಷ್ಟಽ ಸಾಕೇನು?" ಅಂದೆ.

"ನನಗೊಬ್ಳಿಗೆ ಸಾಕು ಅತ್ತೆ."

ಸಾಕಂತೆ. ಯಾರಾದರೂ ಬಂದರೆ ಎಲ್ಲಿ ಮಲಗುತ್ತಾರೆ? ಅವಳಿಗೇ ಜ್ವರ ಬಂದರೆ ನೋಡಿಕೊಳ್ಳಲು ಬಂದವರು ಮೇಜಿನ ಮೇಲೆ ಕೂರಬೇಕೇನು? ಕಿಟಕಿ ಸಣ್ಣದು. ಪರದೆ ಕೆಟ್ಟದ್ದು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದರು, ಹಾಸಿಗೆಯನ್ನೇ ಇಷ್ಟು ಚಿಕ್ಕದು ಕೊಳ್ಳು ಅನ್ನಲಿಲ್ಲ. ಬರೆದರೆ ಪುಟ ಸಾಲದು. ಅವಳಿಗೆ ಒಂದೂ ಹೇಳಲಿಲ್ಲ. ತಲೆನೋವು ಎಂದು ಮಲಗಿದೆ.

ಜುಲೈ 21, ಸೋಮವಾರ

ಸೂಟ್‌ಕೇಸ್ ಇನ್ನೂ ಅಟ್ಟದ ಮೇಲಿದೆ. ಕೆಳಗಿಳಿಸಿದರೆ ಧೂಳು. ಇರಲಿ.

ಜುಲೈ 29, ಮಂಗಳವಾರ. ನಾಗರ ಪಂಚಮಿ

ಕಲ್ಮೇಶ ಬಂದಿದ್ದ, ಉಂಡಿ ತಿನ್ನಲು. ಶೇಂಗಾದ್ದು, ಎಳ್ಳಿನದು, ರವೆಯದು ಮಾಡಿದ್ದೆ. ಪ್ರಗತಿ ಕೆಲಸಕ್ಕೆ ಹೋಗಿದ್ದಳು. ಇವರಿಬ್ಬರೂ ಎದುರಾದರೆ ಚೆನ್ನಾಗಿಯೇ ಮಾತಾಡುತ್ತಾರೆ, ಬ್ಯಾಂಕಿನಲ್ಲಿ ಮಾತಾಡಿದ ಹಾಗೆ.

ಎರಡನೇ ಉಂಡಿಗೆ ಅವನು ಸುತ್ತ ನೋಡಿ, "ಅವ್ವಾ, ನಿನ್ನ ಸಾಮಾನ ಎಲ್ಲಿ? ಏನೂ ಕಟ್ಟೇ ಇಲ್ಲಲ್ಲ?" ಅಂದ.

"ಕಟ್ಟೂನೇಳು. ಎರಡ ಸೀರಿ, ನಾಕ ಪಾತ್ರಿ."

"ನಾ ಸಿಯಾಟಲ್ ಮನಿ ಫೋಟೋ ಕಳಿಸಿ ತಿಂಗಳಾತು. ಕಿಟಕಿ ಎಲ್ಲೈತಿ, ಬಚ್ಚಲ ಹೆಂಗೈತಿ, ಒಂದರೆ ಕೇಳಿದ್ಯಾ? ಫೋನ್ ಹಚ್ಚಿದ್ರ ಟ್ರೇಲರ್ ಬಿಟ್ಟು ಬ್ಯಾರೆ ಮಾತಿಲ್ಲ. ಟ್ಯಾಂಕ್ ಹಂಗೈತಿ, ಎಸಿ ಹಿಂಗೈತಿ."

"ಮಗನ ಮನಿಗೆ ಕಿಟಕಿ ನೋಡಿ ಹೋಗ್ತಾರೇನೋ?"

ಅವನು ನನ್ನನ್ನೇ ನೋಡಿದ. ಸಣ್ಣವನಿದ್ದಾಗ ಗಣಿತ ತಿಳಿಯದಿದ್ದರೆ ಹೀಗೇ ನೋಡುತ್ತಿದ್ದ. "ಅವ್ವಾ, ನಿನಗ ಆಕೀ ಕೂಡ ಇರ್ಬೇಕಂತ ಐತೇನು?"

ಇಲ್ಲ ಅನ್ನಲು ಬಾಯಿ ತೆರೆದೆ. ಬರಲಿಲ್ಲ. ಬಂದದ್ದು ಬೇರೆ ಮಾತು. "ಆಕೀ ಈಗ ನಮ್ಮಾಕಿ ಅಲ್ಲಲ್ಲೋ. ಮಂದಿ ಏನಂದಾರು? ನಿನಗ ಹೆಂಗನಸ್ತೈತಿ?"

"ನಂಗ ಸಂಕಟ ಆಗತೈತಿ, ಖರೇ. ಆದ್ರ ನೀ ಅಲ್ಲಿ ಬಂದು, ನನ್ನ ಮನ್ಯಾಗ ಕುಂತು, ಆಕೀ ಉಂಡ್ಳೋ ಇಲ್ಲೋ ಅಂತ ಚಿಂತಿ ಮಾಡೂದು ನೋಡಿದ್ರ ಇನ್ನೂ ಸಂಕಟ." ಉಂಡಿ ಮುರಿದು ಅರ್ಧ ನನ್ನ ಕೈಗೆ ಇಟ್ಟ. "ಡಿವೋರ್ಸ್ ಆಗಿದ್ದು ನಂದವ್ವಾ. ನಿಂದೇನ್ ಆಗಿಲ್ಲಲ್ಲ."

ಅತ್ತುಬಿಟ್ಟೆ. ಇದನ್ನು ಓದುವವರು ಯಾರೂ ಇಲ್ಲ, ಸುಳ್ಳು ಯಾಕೆ ಬರೆಯಲಿ. ಅವನೂ ಮೂಗು ಒರೆಸಿಕೊಂಡ. ಆಮೇಲೆ ಡಬ್ಬಿ ತುಂಬ ಉಂಡಿ ಕಟ್ಟಿಸಿಕೊಂಡು ಹೋದ.

ಈಗ ಹೊಸ ಚಿಂತೆ. ಮಗ ಹೂಂ ಅಂದ, ಪ್ರಗತಿ ಅನ್ನಬೇಕಲ್ಲ. ಅವಳು ತನಗೊಬ್ಬಳಿಗೆ ಸಾಕು ಅಂತ ಒಂಟಿ ಮಂಚದ್ದು ಆರಿಸಿಕೊಂಡಿದ್ದಾಳೆ. ಶನಿವಾರ ಸಹಿ ಹಾಕುತ್ತಾಳೆ. ಇನ್ನೂ ನಲವತ್ತಾಗದ ಹುಡುಗಿ, ಹೊಸ ಬದುಕು ಕಟ್ಟಿಕೊಳ್ಳುವಾಗ ಹಳೇ ಅತ್ತೆಯನ್ನು ಯಾಕೆ ಹೊತ್ತುಕೊಂಡಾಳು? ಕೇಳಿ ಬೇಡ ಅನ್ನಿಸಿಕೊಳ್ಳುವುದಕ್ಕಿಂತ ಕೇಳದಿರುವುದೇ ಮೇಲು.

ಆಗಸ್ಟ್ 2, ಶನಿವಾರ. ಹ್ಯೂಸ್ಟನ್

ಬೆಳಿಗ್ಗೆ ಅವಳು ಟ್ರಕ್ ಸ್ಟಾರ್ಟ್ ಮಾಡುವ ಹೊತ್ತಿಗೆ ನಾನು ಸೀಟಿನಲ್ಲಿ ಕೂತಿದ್ದೆ. "ನಾಲ್ಕು ಗಂಟೆ ಡ್ರೈವ್ ಅತ್ತೆ" ಅಂದಳು. ಗೊತ್ತು ಅಂದೆ. ದಾರಿಯುದ್ದಕ್ಕೂ ಹೇಳಬೇಕು, ಹೇಳಬೇಕು ಅಂದುಕೊಂಡೆ. ಹ್ಯೂಸ್ಟನ್ ಬಂದುಬಿಟ್ಟಿತು. ಹೈಸ್ಕೂಲಿನ ಮೈದಾನವನ್ನೆಲ್ಲಾ ಒಂದು ಕೂಗಿಗೆ ನಿಲ್ಲಿಸುತ್ತಿದ್ದವಳಿಗೆ ಪಕ್ಕದಲ್ಲಿ ಕೂತವಳಿಗೆ ಒಂದು ಮಾತು ಹೇಳಲಾಗಲಿಲ್ಲ.

ಡಾರ್ಲೀನ್ ಎಂಬ ಹೆಂಗಸು ಟ್ರೇಲರ್ ತೋರಿಸಿದಳು. ನೆಟ್ಟಗೆ ನಿಲ್ಲುವವಳು, ಕೇಳಿದ್ದಕ್ಕೆ ಹೌದು, ಇಲ್ಲ ಅಂತ ಉತ್ತರ ಹೇಳುವವಳು. ಟ್ರೇಲರೂ ಹಾಗೆಯೇ ಇತ್ತು. ತಪ್ಪು ಹುಡುಕಿದೆ, ಸಿಗಲಿಲ್ಲ. ಬಾಗಿಲು ಗಟ್ಟಿ, ಸೂರು ಗಟ್ಟಿ, ಕಟ್ಟೆ ಬಡಿದರೆ ಕಲ್ಲಿನ ಹಾಗೆ ನಿಂತಿತು. ನನಗೆ ಅಳು ಬರುವ ಹಾಗಾಯಿತು. ಡಾರ್ಲೀನ್ ಟ್ಯಾಬ್ ಮುಂದೆ ಹಿಡಿದು, ಇಲ್ಲಿ ಬೆರಳಲ್ಲಿ ಸಹಿ ಮಾಡಿ ಅಂದಳು. ಪ್ರಗತಿ ಬೆರಳು ಎತ್ತಿದಳು.

"ನಿಲ್ಲು!" ಅಂದೆ.

ಮೈದಾನದ ದನಿಯೇ ಬಂದುಬಿಟ್ಟಿತು. ಹೊರಗೆ ಯಾರೋ ಹೋಗುತ್ತಿದ್ದವರೂ ನಿಂತರು.

"ಏನಾಯ್ತು ಅತ್ತೆ? ಕಟ್ಟೆ ಸರಿ ಇಲ್ವಾ?"

"ಕಟ್ಟಿ ಚಲೋ ಐತಿ. ಇದರಾಗ ನಾ ಎಲ್ಲಿ ಮಲಗ್ಲಿ?"

ಅವಳು ಎತ್ತಿದ ಬೆರಳನ್ನು ಇಳಿಸಿದಳು. "ನೀವು ಸಿಯಾಟಲ್‌ಗೆ..."

"ದೀಪಾವಳಿಗೆ ಹೋಗಿ ಬರ್ತೇನಿ. ಕಲ್ಮೇಶಗ ಹೇಳೇನಿ, ಹೂಂ ಅಂದಾನ. ನಿನಗ ಬ್ಯಾಡಾಗಿದ್ರ ಬ್ಯಾಡ ಅನ್ನು. ನಂಗೇನ್ ಸಿಟ್ಟ ಬರೂದಿಲ್ಲ." ಕೊನೆಯ ಮಾತು ಹೇಳುವಾಗ ನಾನೇ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಹಾಕುತ್ತಿದ್ದೆ.

ಪ್ರಗತಿ ಆ ಒಂಟಿ ಮಂಚದ ಮೇಲೆ ಕುಸಿದು ಕೂತು, ಮುಖ ಮುಚ್ಚಿಕೊಂಡು ಅಳತೊಡಗಿದಳು. ಡಾರ್ಲೀನ್ ಬೆಲೆಯ ವಿಷಯ ಅಂದುಕೊಂಡಿರಬೇಕು, ಟಿಶ್ಯೂ ಡಬ್ಬಿ ಇಟ್ಟು ಹೊರಗೆ ಹೋದಳು. ನಾನು ಬಾಗಿಲ ಹಿಡಿಕೆ ಹಿಡಿದು ನಿಂತೆ.

"ಅತ್ತೆ, ನಾನು ಐಸಿಯು ನರ್ಸು" ಅಂದಳು ಕೊನೆಗೆ, ಮೂಗು ಒರೆಸಿಕೊಳ್ಳುತ್ತ. "ಒಬ್ಳೇ ಹ್ಯೂಸ್ಟನ್‌ಗೆ ಡ್ರೈವ್ ಮಾಡ್ಕೊಂಡು ಬರ್ತೀನಿ, ಹೋಗ್ತೀನಿ. ಒಂದು ಟ್ರೇಲರ್ ತಗೊಳೋಕೆ ನಂಗೆ ಬರಲ್ವಾ? ನಿಮ್ಮನ್ನ ಆ ಬಿಸಿಲಲ್ಲಿ ಊರೆಲ್ಲಾ ಯಾಕೆ ಕರ್ಕೊಂಡು ತಿರುಗ್ತಿದ್ದೆ ಅಂದ್ಕೊಂಡ್ರಿ?"

"ನಿನಗ ಯಾರೂ ಮೋಸ ಮಾಡಬಾರ್ದಂತ ನಾನಽ ಬಂದಿದ್ದೆ."

"ನಿಮಗೆ ಯಾವ್ದಾದ್ರೂ ಒಂದು ಇಷ್ಟ ಆಗ್ಲಿ ಅಂತ. ಇಷ್ಟ ಆದ್ರೆ, ಬನ್ನಿ ಇದರಲ್ಲಿ ಇರೋಣ ಅಂತ ಕೇಳೋಣ ಅಂತ. ನಿಮಗೆ ಒಂದೂ ಇಷ್ಟ ಆಗ್ಲಿಲ್ವಲ್ಲ ಅತ್ತೆ! ಪ್ರತಿಯೊಂದಕ್ಕೂ ಕೊಂಕು. ನಾನು ಯಾವ ಬಾಯಲ್ಲಿ ಕೇಳ್ಲಿ?"

ಅವಳ ಪಕ್ಕ ಕೂತೆ. ಮಂಚ ಇಬ್ಬರಿಗೆ ಇಕ್ಕಟ್ಟಾಯಿತು, ಆದರೂ ಬಹಳ ಹೊತ್ತು ಹಾಗೆಯೇ ಕೂತೆವು.

ಆಮೇಲೆ ಅವಳು ಮುಖ ತೊಳೆದು ಹೊರಗೆ ಹೋಗಿ, ಇದು ಬೇಡ, ನಾವು ಇಬ್ಬರು, ಇನ್ನೊಂದು ತೋರಿಸಿ ಅಂದಳು. ಡಾರ್ಲೀನ್ ಹಿಂದಿನ ಸಾಲಿಗೆ ಕರೆದುಕೊಂಡು ಹೋದಳು. ಬಾಗಿಲು ತೆರೆದರೆ ಕಿರ್ರೆಂದಿತು. ಗೋಡೆಗೆ ಬಾಳೆ ಎಲೆ ಚಿತ್ರದ ಕಾಗದ ಅಂಟಿಸಿದ್ದರು, ಮದುವೆ ಛತ್ರ ಹೊಕ್ಕ ಹಾಗಾಯಿತು. ಫ್ರಿಜ್ಜು ಅಡ್ಡ ಬಂದು ಅರ್ಧ ದಾರಿ ಹಿಡಿದಿತ್ತು. ನನ್ನ ಮಂಚದ ಮೇಲೆ ಮಲಗಿ ನೋಡಿದೆ, ಕಾಲು ಒಂದು ಗೇಣು ಆಚೆ ಬಂತು.

"ಹೇಗಿದೆ ಅತ್ತೆ?" ಅಂತ ಪ್ರಗತಿ ಉಸಿರು ಹಿಡಿದು ಕೇಳಿದಳು.

"ಭಾಳ ಚಲೋ ಐತಿ" ಅಂದೆ.